ಮನೆಯಲ್ಲೇ ಚೇತರಿಸಿಕೊಳ್ಳುವ ಮಗು

ಕೇಳುಗರೇ, ನಮಸ್ಕಾರ.

ಎಲುಬಿನ ಗೂಡಿನಂತೆ ಸೊರಗಿದ ಮಗುವನ್ನು ಕಂಡರೆ ಯಾರ ಬಾಯಲ್ಲೂ ಮೊದಲು ಬರುವ ಮಾತು, ಆಸ್ಪತ್ರೆಗೆ ಸೇರಿಸಿ ಅಂತ. ಬಹುಕಾಲ ವೈದ್ಯರೂ ಅದನ್ನೇ ಹೇಳುತ್ತಿದ್ದರು. ಆದರೆ ತೀವ್ರ ಅಪೌಷ್ಟಿಕತೆಯ ಮಕ್ಕಳಲ್ಲಿ ಹೆಚ್ಚಿನವರಿಗೆ ಆಸ್ಪತ್ರೆಯ ಹಾಸಿಗೆ ಬೇಕಾಗುವುದಿಲ್ಲ. ಮನೆಯಲ್ಲೇ ಇದ್ದು, ವಾರಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಬಂದುಹೋಗುತ್ತ ಅವರು ಗುಣವಾಗುತ್ತಾರೆ. ಯಾರನ್ನು ಮನೆಗೆ ಕಳಿಸಬಹುದು, ಯಾರನ್ನು ಕಳಿಸಲೇಬಾರದು ಎಂದು ತಿಳಿಯುವುದರಲ್ಲಿದೆ ಈ ಚಿಕಿತ್ಸೆಯ ಜಾಣ್ಮೆ.

ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಆರು ತಿಂಗಳು ತುಂಬಿದ, ಐದು ವರ್ಷ ದಾಟದ ಮಗುವಿನ ಎಡತೋಳನ್ನು ಭುಜಕ್ಕೂ ಮೊಣಕೈಗೂ ನಟ್ಟನಡುವೆ ಬಣ್ಣದ ಪಟ್ಟಿಯಿಂದ ಅಳೆಯುತ್ತಾರೆ. ಸುತ್ತಳತೆ 115 ಮಿಲಿಮೀಟರಿಗಿಂತ ಕಡಿಮೆಯಾದರೆ ಪಟ್ಟಿ ಕೆಂಪು ತೋರಿಸುತ್ತದೆ. ಎತ್ತರಕ್ಕೆ ಇರಬೇಕಾದ ತೂಕಕ್ಕಿಂತ ತೀರಾ ಕೆಳಗಿರುವುದು ಇನ್ನೊಂದು ಗುರುತು. ಮೂರನೆಯದು ಮೋಸ ಮಾಡುವಂಥದ್ದು, ಎರಡೂ ಪಾದಗಳ ಬಾವು. ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ತೆಗೆದರೆ ಅಲ್ಲಿ ಗುಳಿ ಹಾಗೇ ನಿಂತಿರುತ್ತದೆ. ಬಾವು ಮುಖಕ್ಕೂ ಏರಿದಾಗ ನೋಡಿದವರು “ಮಗು ಗುಂಡುಗುಂಡಾಗಿದೆಯಲ್ಲ” ಅಂದುಬಿಡುತ್ತಾರೆ. ತಕ್ಕಡಿಯೂ ಆ ನೀರನ್ನು ಸೇರಿಸಿಯೇ ತೂಗುತ್ತದೆ. ಹಾಗಾಗಿ ತೂಕ ನೋಡಿ ಸುಮ್ಮನಾಗದೆ ಪಾದ ಒತ್ತಿ ನೋಡಲೇಬೇಕು.

ಹಿಂದೆ ಇಂಥ ಮಕ್ಕಳನ್ನು ವಾರಗಟ್ಟಲೆ ವಾರ್ಡಿನಲ್ಲಿಟ್ಟು, ಪುಡಿಯನ್ನು ನೀರಿನಲ್ಲಿ ಕಲಸಿದ ಚಿಕಿತ್ಸಾ ಹಾಲು ಕುಡಿಸುತ್ತಿದ್ದರು. ಹಾಲು ಒಳ್ಳೆಯದೇ. ಆದರೆ ಕಲಸಿಟ್ಟ ಹಾಲಿನಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ, ಆದ್ದರಿಂದ ಅದನ್ನು ಮನೆಗೆ ಕೊಟ್ಟು ಕಳಿಸುವಂತಿರಲಿಲ್ಲ. ವಾರ್ಡಿನಲ್ಲೋ, ಪಕ್ಕದ ಮಗುವಿನ ಕೆಮ್ಮು, ಭೇದಿ ಈ ಮಗುವಿಗೂ ಅಂಟುತ್ತಿತ್ತು. ಮನೆಯಲ್ಲಿ ಬಿಟ್ಟುಬಂದ ಮಕ್ಕಳ, ನಿಂತುಹೋದ ದುಡಿಮೆಯ ಚಿಂತೆಯಲ್ಲಿ ತಾಯಿ ಅರ್ಧಕ್ಕೇ ಹೊರಟುಬಿಡುತ್ತಿದ್ದಳು. ಅವಳನ್ನು ತಪ್ಪಿತಸ್ಥಳೆಂದವರು ಬಹಳ ಜನ. ನನ್ನ ಪ್ರಕಾರ ತಪ್ಪು ವ್ಯವಸ್ಥೆಯದು.

1990ರ ದಶಕದ ಕೊನೆಯ ಹೊತ್ತಿಗೆ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ಆಹಾರ ತಯಾರಕ ಮಿಶೆಲ್ ಲೆಸ್ಕಾನ್ ಆ ಹಾಲಿನ ಪುಡಿಯ ಒಂದು ಭಾಗವನ್ನು ತೆಗೆದು ಅಲ್ಲಿಗೆ ಕಡಲೆಕಾಯಿಯ ಪೇಸ್ಟ್ ಸೇರಿಸಿದರು. ಜೊತೆಗೆ ಸಕ್ಕರೆ, ಎಣ್ಣೆ, ಜೀವಸತ್ವ, ಖನಿಜಾಂಶ. ಇದರಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ರೋಗಾಣು ಬೆಳೆಯುವುದಿಲ್ಲ, ಬೇಯಿಸಬೇಕಿಲ್ಲ, ಕಲಸಬೇಕಿಲ್ಲ. 92 ಗ್ರಾಂನ ಒಂದು ಪೊಟ್ಟಣದಲ್ಲಿ 500 ಕಿಲೋಕ್ಯಾಲರಿ. ಮೂಲೆ ಕತ್ತರಿಸಿದರೆ ಮಗು ಚೀಪಿಕೊಂಡೇ ತಿನ್ನುತ್ತದೆ. 2000ದಲ್ಲಿ ಇಥಿಯೋಪಿಯಾದ ಕ್ಷಾಮದ ಸಮಯದಲ್ಲಿ ಸ್ಟೀವ್ ಕಾಲಿನ್ಸ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಈ ಪೊಟ್ಟಣಗಳನ್ನು ತಾಯಂದಿರ ಕೈಗೇ ಕೊಟ್ಟು ಮನೆಯಲ್ಲಿ ಚಿಕಿತ್ಸೆ ನಡೆಸಿ ತೋರಿಸಿದರು. ಆಗ ಅನುಮಾನಪಟ್ಟವರೇ ಹೆಚ್ಚು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಒಟ್ಟಾಗಿ ಈ ಪದ್ಧತಿಯನ್ನು ಒಪ್ಪಿ ಹೇಳಿಕೆ ಹೊರಡಿಸಿದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಹಸಿವಿನ ಪರೀಕ್ಷೆ. ಮಗುವನ್ನು ಮನೆಗೆ ಕಳಿಸುವ ಮೊದಲು ಗಲಾಟೆಯಿಲ್ಲದ ಕಡೆ ತಾಯಿಯ ಮಡಿಲಲ್ಲಿ ಕೂರಿಸಿ, ಕೈ ತೊಳೆಸಿ, ಆ ಪೇಸ್ಟನ್ನು ಕೊಡಿಸುತ್ತಾರೆ. ಒತ್ತಾಯ ಮಾಡುವಂತಿಲ್ಲ. ಜೊತೆಗೆ ಕುಡಿಯಲು ನೀರು. ಅರ್ಧ ಗಂಟೆಯವರೆಗೂ ಕಾಯಬೇಕಾಗಬಹುದು. ದಡಬಡನೆ ಕೆಲಸ ಮುಗಿಸುವ ಕಡೆ ಮೊದಲು ಬಿಟ್ಟುಹೋಗುವುದು ಇದೇ, ಅದು ನನಗೆ ಭಯ ಹುಟ್ಟಿಸುವ ಸಂಗತಿ. ಯಾಕೆಂದರೆ, ತಿಂಗಳುಗಟ್ಟಲೆ ಆಹಾರ ಸಾಲದ ದೇಹ ಬದುಕುಳಿಯಲಿಕ್ಕಾಗಿ ತನ್ನ ಕೆಲಸಗಳನ್ನೆಲ್ಲ ತಗ್ಗಿಸಿಕೊಂಡಿರುತ್ತದೆ, ಎಣ್ಣೆ ಮುಗಿಯುತ್ತ ಬಂದ ದೀಪದ ಬತ್ತಿಯನ್ನು ಇಳಿಸಿದ ಹಾಗೆ. ಹೃದಯ, ಯಕೃತ್ತು, ಮೂತ್ರಪಿಂಡ, ಕರುಳು ಎಲ್ಲವೂ ನಿಧಾನ. ಒಳಗೆ ದೊಡ್ಡ ಸೋಂಕಿದ್ದರೂ ಅಂಥ ಮಗುವಿಗೆ ಜ್ವರ ಬಾರದೇ ಇರಬಹುದು, ಬದಲಿಗೆ ಮೈ ತಣ್ಣಗಾಗಬಹುದು. ಥರ್ಮಾಮೀಟರ್ ಹೇಳದ್ದನ್ನು ಹಸಿವು ಹೇಳುತ್ತದೆ. ತಿನ್ನದ ಮಗುವಿನ ಒಳಗೆ ಏನೋ ಕೆಟ್ಟಿದೆ ಎಂದೇ ಹಿಡಿದು ಒಳರೋಗಿಯಾಗಿ ಸೇರಿಸಿಕೊಳ್ಳಬೇಕು. ಬಾವು ಮೈಯೆಲ್ಲ ಹರಡಿದ್ದರೆ, ಫಿಟ್ಸ್ ಬಂದಿದ್ದರೆ, ಮಗು ಮಂಕಾಗಿ ಬಿದ್ದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಉಸಿರಾಟದಲ್ಲಿ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ ಕೂಡ ಹಾಗೆಯೇ. ಆರು ತಿಂಗಳೊಳಗಿನ ಕೂಸಿಗೆ ಈ ಪೇಸ್ಟ್ ಸಲ್ಲದು, ಅದರ ಚಿಕಿತ್ಸೆಯೇ ಬೇರೆ.

ಉಳಿದವರು ಮನೆಗೆ. ಪೊಟ್ಟಣದ ಲೆಕ್ಕ ತೂಕದ ಮೇಲೆ, ಆರು ಕಿಲೋದ ಮಗುವಿಗೆ ದಿನಕ್ಕೆ ಸುಮಾರು ಎರಡು. ಮೊದಲು ಎದೆಹಾಲು, ಆಮೇಲೆ ಪೇಸ್ಟ್, ಮಧ್ಯೆ ಮಧ್ಯೆ ಶುದ್ಧ ನೀರು. ಒಂದೇ ಸಲ ತಿನ್ನಿಸಬೇಡಿ, ದಿನವಿಡೀ ಚೂರುಚೂರೇ ಕೊಡಿ. ಮೊದಲ ಭೇಟಿಯಲ್ಲಿ ಅಮಾಕ್ಸಿಸಿಲಿನ್ ಔಷಧವನ್ನೂ ಕೊಡುತ್ತಾರೆ, ಕಾಣದ ಸೋಂಕಿಗಾಗಿ. ಕಬ್ಬಿಣದ ಸಿರಪ್ಪನ್ನು ನೀವಾಗಿಯೇ ಸೇರಿಸಬೇಡಿ, ಪೊಟ್ಟಣದಲ್ಲೇ ಕಬ್ಬಿಣಾಂಶ ಇದೆ.

ಇನ್ನು ಹಂಚಿಕೊಳ್ಳುವ ವಿಷಯ. ಪೇಸ್ಟ್ ಸಿಹಿ, ಅಣ್ಣ ಅಕ್ಕಂದಿರು ಕೈಚಾಚುತ್ತಾರೆ, ತಾಯಿಗೆ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಬೈದು ಪ್ರಯೋಜನವಿಲ್ಲ. ವಾರದ ತೂಕ ಏರದಿದ್ದರೆ ಮನೆಯಲ್ಲಿ ತಿನ್ನುವವರು ಎಷ್ಟು ಮಂದಿ ಎಂದು ಮೆಲ್ಲಗೆ ಕೇಳಬೇಕು. ಆ ಮನೆಗೇ ಆಹಾರ ಸಾಲದಿದ್ದರೆ, ಅದಕ್ಕೂ ದಾರಿ ಹುಡುಕಬೇಕು. ಹಂಚಿಕೆ ಕಾರಣವಲ್ಲದಿದ್ದರೆ ಸೋಂಕನ್ನು ಹುಡುಕಬೇಕು.

ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಮೂರನೇ ವಾರಕ್ಕೆಲ್ಲ ಮಗು ನಗುತ್ತದೆ, ಆಡುತ್ತದೆ, ಆಗಲೇ ಎಷ್ಟೋ ಜನ ಬರುವುದನ್ನು ನಿಲ್ಲಿಸುವುದು. ತೋಳಿನ ಪಟ್ಟಿಯಿಂದ ಸೇರಿಸಿಕೊಂಡ ಮಗುವಾದರೆ ಸುತ್ತಳತೆ 125 ಮಿಲಿಮೀಟರ್ ಮುಟ್ಟಿ, ಎರಡು ವಾರ ಬಾವು ಕಾಣದೆ ಇದ್ದಾಗ ಮಾತ್ರ ಚಿಕಿತ್ಸೆ ಮುಗಿಯಿತು ಎನ್ನುತ್ತಾರೆ. ಮುಗಿದ ಮೇಲೂ ಕೆಲವು ಮಕ್ಕಳು ಮತ್ತೆ ಸೊರಗುವುದುಂಟು. ಅದಕ್ಕೇ ಹಲವು ಕಡೆ ಈಗ ತಾಯಂದಿರಿಗೇ ಅಳೆಯಲು ಕಲಿಸಿ, ಪಟ್ಟಿಯನ್ನು ಅವರ ಕೈಗೇ ಕೊಟ್ಟು ಕಳಿಸುತ್ತಾರೆ. ನಿಮಗೂ ಕೊಟ್ಟಿದ್ದರೆ ಆಗಾಗ ಅಳೆಯಿರಿ. ಹಳದಿ ಕಂಡರೆ ತಡಮಾಡದೆ ತೋರಿಸಿ, ಕೆಂಪಾಗುವವರೆಗೆ ಕಾಯಬೇಡಿ. ನಮಸ್ಕಾರ.