ಮೂರನೇ ಮಹಡಿಗೂ ಬರುವ ನೆರೆ

ನಮಸ್ಕಾರ. ಇಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರು ಕೈ ಎತ್ತಿ ನೋಡೋಣ. ಸರಿ, ಹೆಚ್ಚುಕಡಿಮೆ ಎಲ್ಲರೂ. ಬಾಗಿಲು ಯಾವ ದಿಕ್ಕಿಗಿದೆ, ಕಾವೇರಿ ನೀರು ಬರುತ್ತಾ, ಅಡ್ವಾನ್ಸ್ ಎಷ್ಟು, ಇದೆಲ್ಲ ಕೇಳಿರುತ್ತೀರಿ. ಜೋರು ಮಳೆ ಬಂದರೆ ಈ ರಸ್ತೆಯ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ ಬಿಡಿ.

ನೆರೆ ಅಂದರೆ ಹೊಳೆ ದಂಡೆಯ ಊರಿನ ಪಾಡು ಅಂತ ನಮ್ಮ ಲೆಕ್ಕ. ಬೆಂಗಳೂರು ಇರುವುದು 900 ಮೀಟರಿಗೂ ಜಾಸ್ತಿ ಎತ್ತರದಲ್ಲಿ, ಇಲ್ಲೆಲ್ಲಿಯ ನೆರೆ ಅನ್ನುವ ಧೈರ್ಯ. ಆದರೆ ಹಿಂದಿನವರು ಇಲ್ಲಿ ಕೆರೆಗಳನ್ನು ಒಂದರ ಕೆಳಗೊಂದು ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನದಕ್ಕೆ ಇಳಿಯಬೇಕು. ನಾವು ಕೆರೆ ಅಂಗಳದಲ್ಲೇ ಸೈಟು ಮಾಡಿದೆವು, ರಾಜಕಾಲುವೆ ಮೇಲೆ ಕಾಂಪೌಂಡು ಎಬ್ಬಿಸಿದೆವು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದೇ ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ.

2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. ಅದನ್ನು ಟಿವಿಯಲ್ಲಿ ನೋಡಿದ ಉಳಿದವರಿಗೆ 'ಅದು ಆ ಕಡೆಯವರ ಕಥೆ' ಅನಿಸಿತು. ಅದೇ ಹೊತ್ತಿಗೆ ಬೆಂಗಳೂರಿಗೆ ಕಾವೇರಿ ನೀರು ಕಳಿಸುವ, ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್ ಹೌಸಿಗೆ ನೀರು ನುಗ್ಗಿತು, ಒಂದು ಹನಿ ನೆರೆ ಕಾಣದ ಬಡಾವಣೆಗಳಲ್ಲೂ ನಲ್ಲಿ ಒಣಗಿತು.

'ನಮ್ಮದು ಮೂರನೇ ಮಹಡಿ, ನಮಗೇನು' ಅನ್ನುವವರಲ್ಲಿ ನಾನೂ ಒಬ್ಬ. ಒಂದು ರಾತ್ರಿ ರಸ್ತೆಯ ನೀರು ಮೊಣಕಾಲುದ್ದ ಬಂತು. ನಮ್ಮ ಸಂಪಿನ ಮುಚ್ಚಳ ನೆಲಕ್ಕೆ ಸಮನಾಗಿತ್ತು, ಚರಂಡಿ ನೀರೆಲ್ಲ ಒಳಗಿಳಿಯಿತು, ಆಟೋಮ್ಯಾಟಿಕ್ ಮೋಟರ್ ತನ್ನ ಪಾಡಿಗೆ ಅದನ್ನೇ ಮೇಲಿನ ಟ್ಯಾಂಕಿಗೆ ಏರಿಸಿತು. ಬೆಳಗ್ಗೆ ಹಲ್ಲುಜ್ಜಲು ನಲ್ಲಿ ತಿರುಗಿಸಿದರೆ ಕಪ್ಪು ನೀರು, ಆ ವಾಸನೆ ಹೇಳಬಾರದು. ಟ್ಯಾಂಕ್ ತೊಳೆಸಿ, ಕ್ಲೋರಿನ್ ಹಾಕಿ ಸರಿ ಮಾಡುವಷ್ಟರಲ್ಲಿ ವಾರ ಕಳೆಯಿತು. ಆಮೇಲೆ ಮಾಡಿದ್ದು ಇಷ್ಟೇ: ಸಂಪಿನ ಬಾಯಿ ಸುತ್ತ ಒಂದೂವರೆ ಅಡಿ ಇಟ್ಟಿಗೆ ಕಟ್ಟೆ. ಮೇಸ್ತ್ರಿಗೆ ಅರ್ಧ ದಿನದ ಕೆಲಸ.

ಮಳೆ ಹಿಡಿದುಕೊಂಡ ರಾತ್ರಿ ಮೋಟರ್ ಸ್ವಿಚ್ ಆರಿಸಿ ಮಲಗಿ. ಲಿಫ್ಟನ್ನು ಮೇಲಿನ ಮಹಡಿಗೆ ಒಯ್ದು ಅಲ್ಲೇ ನಿಲ್ಲಿಸಿ. ಬೇಸ್‌ಮೆಂಟಿನಲ್ಲಿ ನೀರು ನಿಂತಿದ್ದರೆ ಕಾರಿನ ಆಸೆಗೆ ಇಳಿಯಬೇಡಿ, ಕರೆಂಟು ಹರಿದಿರಬಹುದು. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ನೋಡೋಣ ಅನ್ನುವ ಚಪಲವೂ ಬೇಡ. ಇಂಜಿನ್ ನೀರು ಕುಡಿದು ಕೆಟ್ಟರೆ ಮಾಮೂಲಿ ವಿಮೆಯಲ್ಲಿ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಅದಕ್ಕೆ ಬೇರೆ ಕವರ್ ತೆಗೆದುಕೊಂಡಿರಬೇಕು. ಮನೆಗಾದರೆ 2021ರಿಂದ ಭಾರತ್ ಗೃಹ ರಕ್ಷಾ ಅಂತ ಪಾಲಿಸಿ ಇದೆ, ನೆರೆಯೂ ಅದರೊಳಗೆ ಬರುತ್ತದೆ.

ಇನ್ನು ಮನೆ ಹುಡುಕುವವರಿಗೆ. ಬ್ರೋಕರ್ ಮಾತು ಬಿಡಿ, ಬೀದಿ ಕೊನೆಯ ಇಸ್ತ್ರಿ ಗಾಡಿಯವರನ್ನು ಕೇಳಿ. ಮಳೆಗಾಲದಲ್ಲಿ ಗಾಡಿಯನ್ನು ಎಲ್ಲಿಗೆ ತಳ್ಳಿಕೊಂಡು ಹೋಗುತ್ತೀರಿ ಅಂತ.