ಮಟ್ಟುಗುಳ್ಳದ ಹುಳ, ದಿಲ್ಲಿಯ ತೀರ್ಮಾನ

ಉಡುಪಿ ಹತ್ತಿರದ ಮಟ್ಟು ಊರಿಗೆ ಬಂದಿದ್ದೇನೆ. ಕೈಯಲ್ಲಿರೋದು ಮಟ್ಟುಗುಳ್ಳ. ಉರುಟಾದ ತಿಳಿಹಸಿರು ಬದನೆ, ತೊಟ್ಟಿನಲ್ಲಿ ಮುಳ್ಳು. ವಾದಿರಾಜರು ಕೊಟ್ಟ ಬೀಜ ಅಂತ ಇಲ್ಲಿಯವರು ನಂಬುತ್ತಾರೆ. ಇಲ್ಲಿ ನೋಡಿ, ಸಣ್ಣದೊಂದು ತೂತು. ಕೊಯ್ದರೆ ಒಳಗೆಲ್ಲ ಕಂದು ಹಿಕ್ಕೆ, ಅದರ ನಡುವೆ ತಿಳಿಗುಲಾಬಿ ಬಣ್ಣದ ಹುಳ. ಇದೇ ಕಾಯಿಕೊರಕ. ಒಳಗೆ ಹೊಕ್ಕ ಮೇಲೆ ಔಷಧಿ ಹೊಡೆದರೂ ಇದಕ್ಕೆ ತಾಗೋದು ಕಷ್ಟ. ಅದಕ್ಕೇ ಬದನೆಗೆ ಮತ್ತೆ ಮತ್ತೆ ಹೊಡೆಯುತ್ತಾರೆ.

ಈ ಹುಳ ತಡೆಯೋಕೆ ಅಂತಲೇ ಮಹಿಕೋ ಕಂಪನಿ ಬಿಟಿ ಬದನೆ ತಂದಿತು. ಬಿಟಿ ಅಂದರೆ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಹೆಸರಿನ ಚಿಕ್ಕ ರೂಪ, ಅದರ ಒಂದು ಜೀನ್ ಆ ಗಿಡದಲ್ಲಿದೆ. ತಿಂದ ಹುಳ ಸಾಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಜೊತೆಗಿತ್ತು. ಅಲ್ಲಿ ಬಿಟಿ ಮಾಡಲು ಆರಿಸಿದ ತಳಿಗಳಲ್ಲಿ 'ಉಡುಪಿ ಲೋಕಲ್' ಕೂಡ ಒಂದು.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ಪರಿಣತರ ಸಮಿತಿ ಒಪ್ಪಿಗೆ ಕೊಟ್ಟಿತು. ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶ್ ಸುಮ್ನೆ ಸಹಿ ಹಾಕಲಿಲ್ಲ. 7 ಊರುಗಳಲ್ಲಿ ಸಭೆ ಕರೆದರು. ಕೊನೆಯದು ನಮ್ಮ ಬೆಂಗಳೂರಲ್ಲಿ. ರೈತರು, ವಿಜ್ಞಾನಿಗಳು, ಡಾಕ್ಟರುಗಳು ಎದುರಾಎದುರು ನಿಂತು ಮಾತಾಡಿದರು. ರಾಜ್ಯಗಳನ್ನೂ ಕೇಳಿದರು, ಸದ್ಯಕ್ಕೆ ಬೇಡ ಅಂದಿತು ಕರ್ನಾಟಕ. 2010ರ ಫೆಬ್ರವರಿ 9ರಂದು ಸಚಿವರು ತಡೆ ಹಾಕಿದರು. ಬಂದ ಪತ್ರಗಳನ್ನೂ ಸೇರಿಸಿ ತೀರ್ಮಾನವನ್ನು ಎಲ್ಲರ ಮುಂದಿಟ್ಟರು. ಇದು ನನಗೆ ತುಂಬಾ ಇಷ್ಟವಾದ ಕೆಲಸ.

ಅವರು ಕೊಟ್ಟ ಕಾರಣಗಳಲ್ಲಿ ಒಂದು, ಸ್ವತಂತ್ರ ಪರೀಕ್ಷೆ ಸಾಲದು ಅನ್ನೋದು. ಬೀಜ ತಂದವರೇ ಪರೀಕ್ಷೆಯ ಲೆಕ್ಕವನ್ನೂ ಕೊಟ್ಟರೆ ಹೇಗೆ? ಹೆತ್ತವರಿಗೆ ಹೆಗ್ಗಣ ಮುದ್ದು, ಅಲ್ವಾ? ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಬೇರೆಯವರೂ ಒಮ್ಮೆ ನೋಡಬೇಕಿತ್ತು, ಅಷ್ಟೇ.

ಆಮೇಲೆ ಆದದ್ದು ನೆನೆದರೆ ಈಗಲೂ ಬೇಜಾರು. ಸಚಿವರು ದೇಶದ 6 ವಿಜ್ಞಾನ ಅಕಾಡೆಮಿಗಳ ಅಭಿಪ್ರಾಯ ಕೇಳಿದ್ದರು. ಇದಕ್ಕಿಂತ ದೊಡ್ಡ ಸಲಹೆಗಾರರು ಇನ್ಯಾರು? ಸೆಪ್ಟೆಂಬರ್‌ನಲ್ಲಿ ವರದಿ ಬಂತು, ಬದನೆಯನ್ನು ಮಿತಿಯೊಳಗೆ ಬಿಡಬಹುದು ಅಂತ. ನೋಡಿದರೆ ಅದರ ಕೆಲವು ಸಾಲುಗಳು ಬಿಟಿ ಬೆಳೆಯ ಪರವಾಗಿದ್ದ ವಿಜ್ಞಾನಿಯೊಬ್ಬರ ಲೇಖನದಿಂದ ಎತ್ತಿದ್ದು! ವರದಿಯನ್ನು ತಿದ್ದಿ ಡಿಸೆಂಬರ್‌ನಲ್ಲಿ ಮತ್ತೆ ಕೊಟ್ಟರು. ಸಲಹೆ ಸರಿಯೇ ಇದ್ದರೂ ಇರಬಹುದು. ಆದರೆ ಯೋಚನೆ ಮಾಡಿ ಅಂತ ಕೇಳಿದಾಗ ಇನ್ನೊಬ್ಬರ ಸಾಲು ಕೊಟ್ಟರೆ, ಕೇಳಿದವರು ಏನನ್ನು ನಂಬಬೇಕು?

ಬಾಂಗ್ಲಾದೇಶ 2013ರಲ್ಲೇ ಬಿಟಿ ಬದನೆಗೆ ಒಪ್ಪಿತು. ಅಲ್ಲಿ ಬೆಳೆಯುತ್ತಿದ್ದಾರೆ. ನಮ್ಮಲ್ಲಿ ತಡೆ ಹಾಗೇ ಇದೆ. ಬೀಜ ಮಾರದ, ಯಾರ ಹಂಗೂ ಇಲ್ಲದ ಕಡೆ ಪೂರ್ತಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಈ ಗದ್ದೆಯವರಿಗೂ ಅರ್ಥವಾಗುವ ಕನ್ನಡದಲ್ಲಿ ಕೊಡಲಿ. ಬಿಟಿ ಬೇಕು ಅಂತ ಬಂದರೂ ಸರಿ, ಬೇಡ ಅಂತ ಬಂದರೂ ಸರಿ, ನಾನು ಕೂತು ಓದುತ್ತೇನೆ.