ಎಣ್ಣೆ ಬಾಟಲಿ ಬಚ್ಚಲಿನಲ್ಲಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿಗಾಲ ಬಂತು ಅಂತ ತಿಳಿಯೋಕೆ ನಾನು ಕ್ಯಾಲೆಂಡರ್ ನೋಡುವುದಿಲ್ಲ. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರು ಪಂಜೆ ಎತ್ತಿ ಮೊಣಕಾಲ ಕೆಳಗೆ ಪರಪರ ಕೆರೆದುಕೊಳ್ಳಲು ಶುರು ಮಾಡಿದರು ಅಂದರೆ ದೀಪಾವಳಿ ಮುಗಿಯಿತು ಅಂತ ಲೆಕ್ಕ. ಧಾರವಾಡದಲ್ಲಿ 30 ವರ್ಷದಿಂದ ಚರ್ಮದ ಡಾಕ್ಟರಾಗಿ ಇದನ್ನೇ ನೋಡುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬರುವವರ ಮೈಯಂತೂ ಇನ್ನೂ ಜಾಸ್ತಿ ಒಡೆದಿರುತ್ತದೆ.

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಸ್ನಾನ ಆದ 3 ನಿಮಿಷದೊಳಗೆ, ಮೈ ಇನ್ನೂ ಹಸಿ ಇರುವಾಗಲೇ, ಎಣ್ಣೆಯನ್ನೋ ಕ್ರೀಮನ್ನೋ ಹಚ್ಚಿಕೊಳ್ಳಿ. ಪೆನ್ನು ಹುಡುಕಬೇಡಿ, ಇನ್ನೂ ನಾಲ್ಕು ಸಲ ಹೇಳುತ್ತೇನೆ.

ಹಸಿ ಇರುವಾಗಲೇ ಯಾಕೆ? ಜೋಳದ ರೊಟ್ಟಿ ಬಡಿಯುವ ತಾಯಂದಿರಿಗೆ ಇದನ್ನು ಕಲಿಸಬೇಕಾಗಿಲ್ಲ. ನಾದಿದ ಹಿಟ್ಟು ಗಾಳಿಗೆ ಬಿಟ್ಟರೆ ಏನಾಗುತ್ತದೆ? ಬಡಿಯುವಾಗ ಅಂಚು ಬಿರಿಯುತ್ತದೆ. ಆಗ ಅದರ ಮೇಲೆ ಎಣ್ಣೆ ಸುರಿಯುತ್ತೀರಾ? ಇಲ್ಲ. ನೀರು ಚಿಮುಕಿಸಿ ಮತ್ತೆ ನಾದುತ್ತೀರಿ, ಒದ್ದೆ ಬಟ್ಟೆ ಮುಚ್ಚಿಡುತ್ತೀರಿ. ಒಡೆದ ಚರ್ಮಕ್ಕೆ ಕಮ್ಮಿಯಾಗಿರುವುದೂ ನೀರೇ. ಎಣ್ಣೆ ಆ ನೀರು ಆರದಂತೆ ಮುಚ್ಚುವ ಬಟ್ಟೆ. ಎಲ್ಲ ಒಣಗಿದ ಮೇಲೆ ಮುಚ್ಚಿದರೆ ಒಳಗೆ ಉಳಿಸಿಕೊಳ್ಳೋಕೆ ಏನಿರುತ್ತದೆ?

ಈಗ ಒಬ್ಬ ಮಾಸ್ತರರ ಕಥೆ. ಹೆಸರು ಬೇಡ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಬಂದು ಕೂತವರೇ, "ಡಾಕ್ಟರ್ರ, ಮೈಯಾಗ ನಂಜು ಏರೈತ್ರಿ, ರಕ್ತ ಕೆಟ್ಟೈತ್ರಿ" ಅಂದರು. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದರು. ತುರಿಕೆ ಬಂದಾಗಿನಿಂದ ಏನೇನು ತಿನ್ನುವುದು ಬಿಟ್ಟಿದ್ದಾರೆ ಅಂತ ತಾರೀಕು ಸಮೇತ ಪಟ್ಟಿ. ಮೊದಲು ಬದನೆಕಾಯಿ. ಆಮೇಲೆ ಶೇಂಗಾ ಚಟ್ನಿ. ಆಮೇಲೆ ಮೊಸರು. ದಿನಾ ಬೆಳಿಗ್ಗೆ ಬೇವಿನ ಕಷಾಯ ಬೇರೆ. ತುರಿಕೆ ಮಾತ್ರ ಒಂದಿಂಚೂ ಕದಲಿಲ್ಲ.

ಕಾಲು ನೋಡಿದೆ. ಮೊಣಕಾಲಿನಿಂದ ಕೆಳಗೆ ಪೂರ್ತಿ ಹೊಟ್ಟು. ಅದರ ಮೇಲೆ ಉಗುರಿನಲ್ಲಿ ಕೆರೆದ ಬಿಳಿ ಗೆರೆಗಳು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಆ ಜಾಗದಲ್ಲಿ ಎಣ್ಣೆ ಗ್ರಂಥಿಗಳೇ ಕಮ್ಮಿ. ವಯಸ್ಸಾದಂತೆ ಇನ್ನೂ ಕಮ್ಮಿ. ಹಾಗಾಗಿ ಮೊದಲು ಒಡೆಯುವುದೇ ಅಲ್ಲಿ. ನಂಜೂ ಇಲ್ಲ, ರಕ್ತವೂ ಕೆಟ್ಟಿಲ್ಲ.

ಸ್ನಾನ ಹೇಗೆ ಮಾಡ್ತೀರಿ ಅಂತ ಕೇಳಿದೆ. ಬೆಳಗಿನ ಜಾವ 5 ಗಂಟೆಗೆ, ಹಂಡೆಯಲ್ಲಿ ಕಾದ ನೀರು, ಮೈ ಕೆಂಪಾಗುವಷ್ಟು. ಸೋಪು ಎರಡು ಸಲ. ಕಾಲಿಗೆ ತಿಕ್ಕೋ ಕಲ್ಲು. ತುರಿಕೆ ಜಾಸ್ತಿಯಾದ ದಿನ ಇನ್ನೂ ಜೋರಾಗಿ ತಿಕ್ಕುವುದು.

ತುಪ್ಪದ ಡಬ್ಬಿ ಹೇಗೆ ತೊಳೆಯುತ್ತೀರಿ ಹೇಳಿ. ಕುದಿಯುವ ನೀರು, ಸೋಪು, ನಾರು. ಜಿಡ್ಡು ಪೂರ್ತಿ ಹೋಗಬೇಕು ಅಂತ ತಾನೇ? ಮಾಸ್ತರರು ತಮ್ಮ ಕಾಲನ್ನು ದಿನಾ ತುಪ್ಪದ ಡಬ್ಬಿ ತೊಳೆದ ಹಾಗೆ ತೊಳೆಯುತ್ತಿದ್ದರು. ಚರ್ಮದ ತೀರಾ ಮೇಲಿನ ಪದರ ಮೈಯ ಬಹುಪಾಲು ಕಡೆ 1 ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲಿನಷ್ಟು ದಪ್ಪವಿದ್ದರೆ ಹೆಚ್ಚು. ಸತ್ತ ಕೋಶಗಳ ನಡುವೆ ಗಾರೆಯ ಹಾಗೆ ಕೂತಿರುವ ಕೊಬ್ಬೇ ಅದನ್ನು ಹಿಡಿದಿಟ್ಟಿರುವುದು. ಆ ಗಾರೆಯನ್ನೇ ತಿಕ್ಕಿ ತೆಗೆದರೆ ನೀರು ನಿಲ್ಲುವುದು ಹೇಗೆ?

ಇಷ್ಟೆಲ್ಲ ವಿವರಿಸಿ, ಕಲ್ಲು ಬಿಡಿಸಿ, ಒಂದು ಕ್ರೀಮ್ ಬರೆದುಕೊಟ್ಟೆ. 15 ದಿನ ಬಿಟ್ಟು ಬಂದರು. "ಏನೂ ಆಗಿಲ್ರೀ." ಅದಕ್ಕಿಂತ ದುಬಾರಿಯ ಕ್ರೀಮ್ ಬರೆದೆ. ಮತ್ತೆ ಬಂದರು. ಮತ್ತೆ ಅದೇ ಮಾತು. ಈ ಸಲ ಅವರ ಹೆಂಡತಿ ಜೊತೆಗಿದ್ದರು. ಆ ತಾಯಿ ನನ್ನ ಮುಖ ನೋಡಿ ಹೇಳಿದರು: "ಎಲ್ಲಿ ಹಚ್ಕೋತಾರ್ರೀ ಇವರು? ಜಳಕ ಆಗಿ, ಪೂಜಿ ಆಗಿ, ನಾಷ್ಟಾ ಆಗಿ, ಪೇಪರ್ ಓದಿ, ಆಮ್ಯಾಲೆ ಹಚ್ಕೋತಾರ."

ಸ್ನಾನ 5ಕ್ಕೆ. ಕ್ರೀಮು 9ಕ್ಕೆ! ನಾನು ಚೀಟಿಯಲ್ಲಿ 'ಸ್ನಾನದ ನಂತರ' ಅಂತ ಬರೆದಿದ್ದೆ. ಲೆಕ್ಕದ ಮಾಸ್ತರರ ಪ್ರಕಾರ 9 ಗಂಟೆಯೂ ಸ್ನಾನದ ನಂತರವೇ, ಅಲ್ವಾ? ತಪ್ಪು ನನ್ನದು. ಅವತ್ತಿನಿಂದ 'ಸ್ನಾನದ ನಂತರ' ಅಂತ ಬರೆಯುವುದನ್ನೇ ಬಿಟ್ಟೆ. '3 ನಿಮಿಷ' ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ.

ಇನ್ನೊಂದು ತೊಡಕು ಬಂತು. ಮಡಿಯಲ್ಲಿ ಕ್ರೀಮ್ ಮುಟ್ಟುವುದಿಲ್ಲ ಅಂದರು ಮಾಸ್ತರರು. ಅದರಲ್ಲಿ ಏನೇನು ಹಾಕಿರುತ್ತಾರೋ ಅಂತ. ನನಗೆ ಉತ್ತರ ಹೊಳೆಯಲಿಲ್ಲ. ತಾಯಿಯೇ ತೀರ್ಪು ಕೊಟ್ಟರು: "ಕೊಬ್ರಿ ಎಣ್ಣಿ ಹಚ್ಕೋರಿ. ದೇವರ ದೀಪಕ್ಕ ನಡೀತದ, ನಿಮ್ಮ ಕಾಲಿಗೆ ನಡ್ಯೂದಿಲ್ಲೇನು?" ಬಚ್ಚಲಿನ ಗೂಡಿನಲ್ಲಿ ಒಂದು ಸ್ಟೀಲ್ ಬಟ್ಟಲಲ್ಲಿ ಎಣ್ಣೆ ಇಟ್ಟೇಬಿಟ್ಟರು. ನಾನು ಬರೆದ ಕ್ರೀಮಿಗಿಂತ ಆ ಗೂಡೇ ಜಾಸ್ತಿ ಕೆಲಸ ಮಾಡಿತು. ಕೊಬ್ಬರಿ ಎಣ್ಣೆ ಬರೀ ಅಜ್ಜಿ ಔಷಧ ಅಂದುಕೊಳ್ಳಬೇಡಿ. ಫಿಲಿಪ್ಪೀನ್ಸಿನ ಚರ್ಮವೈದ್ಯರು ಒಣಚರ್ಮದವರ ಮೇಲೆ ಅದನ್ನೂ ಮಿನರಲ್ ಆಯಿಲನ್ನೂ ಹಚ್ಚಿಸಿ ನೋಡಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಸರಿಸಮ.

ತಿಂಗಳು ಬಿಟ್ಟು ಬಂದಾಗ ಕಾಲ ಮೇಲೆ ಗೆರೆ ಇರಲಿಲ್ಲ. ಮಾಸ್ತರರು ದನಿ ತಗ್ಗಿಸಿ ಕೇಳಿದರು, "ಬದನಿಕಾಯಿ ತಿನ್ನಬಹುದೇನ್ರಿ?" ಇವತ್ತೇ ತಿನ್ನಿ ಅಂದೆ. ಆ ಮನೆಯಲ್ಲಿ ಮೂರು ಚಳಿಗಾಲ ಎಣಗಾಯಿ ಆಗಿರಲಿಲ್ಲವಂತೆ. ಜವಾರಿ ಬದನೆಕಾಯಿ ಸಿಗುವ ಊರಿನಲ್ಲಿ! ನನಗಂತೂ ತುರಿಕೆಗಿಂತ ಅದೇ ದೊಡ್ಡ ಕಷ್ಟ ಅನಿಸಿತು.

ಕಥೆ ಉದ್ದವಾಯಿತು, ಗೊತ್ತು. ನನ್ನ ಹಾಳೆಯಲ್ಲಿ ಇನ್ನೂ ಬಹಳ ಉಳಿದಿದೆ, ಓಡಿಸುತ್ತೇನೆ.

ಸೋಪು. ನಮ್ಮ ಚರ್ಮ ಸ್ವಲ್ಪ ಹುಳಿ ಸ್ವಭಾವದ್ದು, ಸೋಪು ಕ್ಷಾರ. ಕಂಕುಳು, ತೊಡೆಸಂದು, ಪಾದ, ಇಷ್ಟಕ್ಕೆ ದಿನಾ ಹಾಕಿ. ಕೈಕಾಲಿಗೆ ಬರೀ ನೀರು ಸಾಕು. ನೊರೆ ಬರದಿದ್ದರೆ ಸ್ನಾನವೇ ಆಗಲಿಲ್ಲ ಅನ್ನುವವರಿಗೆ ನಾನೇನೂ ಹೇಳಲಾರೆ. ನೀರು ಉಗುರುಬೆಚ್ಚಗಿರಲಿ. 10 ನಿಮಿಷದಲ್ಲಿ ಹೊರಗೆ ಬನ್ನಿ. ಟವೆಲ್ಲಿನಿಂದ ಉಜ್ಜಬೇಡಿ, ಒತ್ತಿ ತೆಗೆಯಿರಿ. ಮೈ ಹಸಿ ಇರಲಿ. ಆಗ ಎಣ್ಣೆ.

ಡಾಕ್ಟರ್ರೇ, ನಾವು ಹಬ್ಬಕ್ಕೆ ಎಣ್ಣೆಸ್ನಾನ ಮಾಡುತ್ತೇವಲ್ಲ, ಸಂಕ್ರಾಂತಿಗೆ ಎಳ್ಳು ಹಚ್ಚಿಕೊಳ್ಳುತ್ತೇವಲ್ಲ ಅಂತ ಕೇಳುತ್ತಾರೆ. ಬಹಳ ಒಳ್ಳೆಯದು. ಆದರೆ ಹಚ್ಚಿದ ಎಣ್ಣೆಯನ್ನೆಲ್ಲ ಸೀಗೆಪುಡಿ ಹಾಕಿ ತಿಕ್ಕಿ ತೆಗೆದುಬಿಡುತ್ತೀರಿ. ಸ್ನಾನಕ್ಕೆ ಮುಂಚೆ ಹಚ್ಚಿ, ಬೇಡ ಅನ್ನುವುದಿಲ್ಲ. ಆಮೇಲೂ ಹಚ್ಚಿ. 3 ನಿಮಿಷದೊಳಗೆ.

ಬಟ್ಟೆಗೆ ಜಿಡ್ಡಾಗುತ್ತದೆ ಅಂದರೆ ನೀವು ಜಾಸ್ತಿ ಹಚ್ಚುತ್ತಿದ್ದೀರಿ. ಒಂದು ಕಾಲಿಗೆ ಅರ್ಧ ಚಮಚ ಸಾಕು. ಚಳಿಗೆ ಎಣ್ಣೆ ಗಟ್ಟಿಯಾದರೆ ಬಿಸಿನೀರಿನ ಬಕೆಟ್ಟಿನಲ್ಲಿ ಬಾಟಲಿ ಇಳಿಬಿಡಿ. ಎಣ್ಣೆ ವಾಸನೆ ಆಗದವರಿಗೆ ವ್ಯಾಸಲೀನ್ ಇದೆ. ನೀರನ್ನು ಹಿಡಿದಿಡುವುದರಲ್ಲಿ ಅದನ್ನು ಮೀರಿಸಿದ್ದು ನಾನು ಕಂಡಿಲ್ಲ. ಅದನ್ನೂ ಹಸಿ ಮೈಗೇ ಹಚ್ಚಿ.

ಜಾಸ್ತಿ ನೀರು ಕುಡಿದರೆ ಸರಿಹೋಗುತ್ತದೆ ಅಂತ ಮೊಬೈಲಿನಲ್ಲಿ ಓದಿಕೊಂಡು ಬರುತ್ತಾರೆ. ಕುಡಿಯಿರಿ, ಯಾರು ಬೇಡ ಅಂದರು? ಹೊಟ್ಟೆಗೆ ಹೋದ ನೀರಿನಿಂದ ಕಾಲಿನ ಹೊಟ್ಟು ಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಟ್ಯೂಬ್ ಕೇಳಿ ತರಬೇಡಿ. ಅವುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ.

ಕೊನೆಗೆ ಹಿಮ್ಮಡಿ. ಅಂಗಾಲಿನಲ್ಲಿ ಎಣ್ಣೆ ಗ್ರಂಥಿ ಇಲ್ಲವೇ ಇಲ್ಲ. ರಾತ್ರಿ 10 ನಿಮಿಷ ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒರೆಸಿ, ವ್ಯಾಸಲೀನ್ ಹಚ್ಚಿ, ಸಾಕ್ಸ್ ಹಾಕಿ ಮಲಗಿ. ಬ್ಲೇಡಿನಿಂದ ಕೆತ್ತಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಬಿರುಕಿನಲ್ಲಿ ರಕ್ತ ಬಂದರೆ ಮನೆಮದ್ದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ಮತ್ತೆ, ಎಣ್ಣೆ ಬಾಟಲಿ ಬಚ್ಚಲಿನಲ್ಲಿರಲಿ ಅಂದೆನಲ್ಲ, ಅಂಗಾಲಿಗೆ ಮಾತ್ರ ಅಲ್ಲಿ ನಿಂತು ಹಚ್ಚಬೇಡಿ. ಜಾರುತ್ತದೆ. ಮುಂದಿನ ವಾರ ಇದೇ ಹೊತ್ತಿಗೆ ಮೂಳೆ ಡಾಕ್ಟರ್ ಮಾತಾಡುತ್ತಾರಂತೆ. ಅವರಿಗೆ ನನ್ನಿಂದ ಕೆಲಸ ಹೆಚ್ಚಾಗುವುದು ಬೇಡ.

ನಮಸ್ಕಾರ.